ನಮ್ಮ ಟೆಲಿಸ್ಕೋಪ್ ನಿಜವಾಗಿ ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ?

ಪ್ರಶ್ನೆ: ನಾವು ವಿಜಯಪುರದ ಕಡೆಯವರು, ಪುಣೆಯ ಕೋಥ್ರೂಡ್‌ನಲ್ಲಿ ಇದ್ದೇವೆ. ಒಂಬತ್ತನೇ ಕ್ಲಾಸಿನ ಮಗಳು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಟೆಲಿಸ್ಕೋಪ್ ಮಾಡಿದ್ದಾಳೆ. ಮುಂದೆ ಚಷ್ಮಾ ಅಂಗಡಿಯಿಂದ ತಂದ ಪ್ಲಸ್ ಒಂದು ನಂಬರಿನ ಲೆನ್ಸ್. ಹಿಂದೆ ‘5 ಎಕ್ಸ್’ ಎಂದು ಬರೆದಿರುವ ಭೂತಗನ್ನಡಿಯ ಲೆನ್ಸ್. ಸೂತ್ರದಿಂದ ಲೆಕ್ಕ ಹಾಕಿದರೆ 20 ಪಟ್ಟು ಬರುತ್ತದೆ. 15 ಮೀಟರ್ ದೂರದ ಎದುರಿನ ಬಿಲ್ಡಿಂಗಿನ ಗ್ರಿಲ್ ನೋಡಿ ಎಣಿಸಿದರೆ 18, ಒಮ್ಮೊಮ್ಮೆ 19 ಬರುತ್ತದೆ. ಯಾವುದನ್ನು ಬರೆಯಬೇಕು? ಗ್ರಿಲ್ ಸ್ಪಷ್ಟವಾಗಿ ಕಾಣುವ ಹಾಗೆ ಕೊಳವೆ ಹೊಂದಿಸಿದರೆ ಚಂದ್ರ ಮಸುಕಾಗುತ್ತಾನೆ. ಅದು ಯಾಕೆ? ಆನ್‌ಲೈನ್‌ನಲ್ಲಿ 525 ಪಟ್ಟು ತೋರಿಸುವ ಟೆಲಿಸ್ಕೋಪ್ ಸಿಗುತ್ತದೆ. ಅದನ್ನೇ ಕೊಡಿಸಬೇಕಿತ್ತೇ?

ಉತ್ತರ: ನನ್ನ ಅಂದಾಜಿನಲ್ಲಿ ನಿಮ್ಮ ಮಗಳ ಟೆಲಿಸ್ಕೋಪಿನ ವರ್ಧನೆ 20 ಅಲ್ಲ, 18 ಕೂಡ ಅಲ್ಲ. ಸುಮಾರು 16. ಹಾಗಂತ ಅವಳು ಎಣಿಸಿದ್ದು ತಪ್ಪಲ್ಲ. 15 ಮೀಟರ್ ದೂರದ ಗ್ರಿಲ್‌ಗೆ 18 ಅಥವಾ 19 ಬರುವುದೇ ಸರಿ. ಚಂದ್ರನಿಗೆ ಅದೇ ಟೆಲಿಸ್ಕೋಪ್ 16 ಪಟ್ಟು. ಇದು ಹೇಗೆ ಅಂತ ಬಿಡಿಸಿ ಹೇಳುತ್ತೇನೆ. ಪ್ರದರ್ಶನದಲ್ಲಿ ಈ ವ್ಯತ್ಯಾಸವನ್ನೇ ವಿವರಿಸಿದರೆ ಅವಳ ಪ್ರಾಜೆಕ್ಟಿಗೆ ಅದಕ್ಕಿಂತ ಒಳ್ಳೆಯ ವಿಷಯ ಬೇಕಿಲ್ಲ.

ಮೊದಲು ‘ಪಟ್ಟು’ ಅಂದರೆ ಏನು ಅಂತ ಖಚಿತ ಮಾಡಿಕೊಳ್ಳೋಣ. ಟೆಲಿಸ್ಕೋಪ್ ಚಂದ್ರನನ್ನು ದೊಡ್ಡದು ಮಾಡುವುದಿಲ್ಲ. ಚಂದ್ರ ನಮ್ಮ ಕಣ್ಣಿನಲ್ಲಿ ಮಾಡುವ ಕೋನವನ್ನು ದೊಡ್ಡದು ಮಾಡುತ್ತದೆ. ಬರಿಗಣ್ಣಿಗೆ ಚಂದ್ರ ಸುಮಾರು ಅರ್ಧ ಡಿಗ್ರಿ ಅಗಲ ಕಾಣುತ್ತಾನೆ. ಟೆಲಿಸ್ಕೋಪಿನಲ್ಲಿ 8 ಡಿಗ್ರಿ ಕಂಡರೆ ವರ್ಧನೆ 16. ಚಂದ್ರ ಇರುವುದು ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿ. 16 ಪಟ್ಟು ಅಂದರೆ ಸುಮಾರು 24,000 ಕಿಲೋಮೀಟರ್ ದೂರದಿಂದ ಬರಿಗಣ್ಣಲ್ಲಿ ನೋಡಿದರೆ ಎಷ್ಟು ದೊಡ್ಡದು ಕಾಣುತ್ತಾನೋ ಅಷ್ಟು ದೊಡ್ಡದು.

ಈ ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ. ಮುಂದಿನ ಲೆನ್ಸ್ ಚಂದ್ರನ ಒಂದು ಸಣ್ಣ ಚಿತ್ರವನ್ನು ಕೊಳವೆಯ ಒಳಗೆ ಮೂಡಿಸುತ್ತದೆ. ಹಿಂದಿನ ಲೆನ್ಸ್, ಅಂದರೆ ಐಪೀಸ್, ಆ ಚಿತ್ರವನ್ನು ನಾವು ಹತ್ತಿರದಿಂದ ನೋಡುವ ಹಾಗೆ ಮಾಡುತ್ತದೆ. ದೂರದ ವಸ್ತುವಿನ ಚಿತ್ರ ಲೆನ್ಸಿನಿಂದ ಎಷ್ಟು ದೂರದಲ್ಲಿ ಮೂಡುತ್ತದೋ ಅದೇ ಆ ಲೆನ್ಸಿನ ಸಂಗಮದೂರ. ಮುಂದಿನ ಲೆನ್ಸಿನ ಸಂಗಮದೂರ ಹೆಚ್ಚಾದಷ್ಟೂ ಚಿತ್ರ ದೊಡ್ಡದಾಗುತ್ತದೆ. ಐಪೀಸಿನ ಸಂಗಮದೂರ ಕಡಿಮೆಯಾದಷ್ಟೂ ಆ ಚಿತ್ರಕ್ಕೆ ಇನ್ನೂ ಹತ್ತಿರ ಹೋಗಬಹುದು. ಅದಕ್ಕೇ ಮೊದಲನೆಯದನ್ನು ಎರಡನೆಯದರಿಂದ ಭಾಗಿಸುತ್ತೇವೆ. ಪುಸ್ತಕದಲ್ಲಿ ಇರುವ ಸೂತ್ರ ಇಷ್ಟೇ:

ವರ್ಧನೆ = ಮುಂದಿನ ಲೆನ್ಸಿನ ಸಂಗಮದೂರ ÷ ಐಪೀಸಿನ ಸಂಗಮದೂರ

ಪ್ಲಸ್ ಒಂದು ನಂಬರಿನ ಲೆನ್ಸಿನ ಸಂಗಮದೂರ 100 ಸೆಂಟಿಮೀಟರ್, ಅಂದರೆ 1000 ಮಿಲಿಮೀಟರ್. ಚಷ್ಮಾ ಅಂಗಡಿಯವರು ‘ನಂಬರ್’ ಅನ್ನುವುದು ಡಯಾಪ್ಟರ್ ಅನ್ನು. 100 ಸೆಂಟಿಮೀಟರನ್ನು ಆ ನಂಬರಿನಿಂದ ಭಾಗಿಸಿದರೆ ಸಂಗಮದೂರ ಸಿಗುತ್ತದೆ. ಪ್ಲಸ್ ಎರಡಕ್ಕೆ 50 ಸೆಂಟಿಮೀಟರ್, ಪ್ಲಸ್ ಅರ್ಧಕ್ಕೆ 2 ಮೀಟರ್. 1000 ಮಿಲಿಮೀಟರ್ ಲೆನ್ಸ್ ಮೂಡಿಸುವ ಚಂದ್ರನ ಚಿತ್ರ ಸುಮಾರು 9 ಮಿಲಿಮೀಟರ್ ಅಗಲ, ಒಂದು ದಪ್ಪ ಕಡಲೆಕಾಳಿನಷ್ಟು. ಇದನ್ನು ಮಗಳಿಗೆ ಕಣ್ಣಾರೆ ತೋರಿಸಿ. ಹುಣ್ಣಿಮೆಯ ಹಿಂದೆ ಮುಂದೆ ಐಪೀಸ್ ತೆಗೆದು, ಕೊಳವೆಯ ಹಿಂಬದಿಗೆ ಬಟರ್ ಪೇಪರ್ ಹಿಡಿದು ಹಿಂದೆ ಮುಂದೆ ಸರಿಸಿದರೆ ಆ ಪುಟ್ಟ ಚಂದ್ರ ಕಾಗದದ ಮೇಲೆ ಮೂಡುತ್ತಾನೆ. ಲೆನ್ಸಿನಿಂದ ಕಾಗದದವರೆಗಿನ ದೂರವೇ ಸಂಗಮದೂರ. ಟೇಪ್ ಹಿಡಿದು ಅಳೆಯಿರಿ. ನಂಬರಿನಲ್ಲಿ 0.03 ಅಷ್ಟು ವ್ಯತ್ಯಾಸ ಇದ್ದರೂ ಸಂಗಮದೂರ 3 ಸೆಂಟಿಮೀಟರ್ ಆಚೀಚೆ ಆಗುತ್ತದೆ. ಹಾಗಾಗಿ 97 ಅಥವಾ 103 ಬಂದರೆ ಗಾಬರಿ ಬೇಡ, ಬಂದದ್ದನ್ನೇ ಬರೆದುಕೊಳ್ಳಿ.

ಈಗ ‘5 ಎಕ್ಸ್’ ವಿಷಯ. ನಿಮ್ಮ 20 ಬಂದದ್ದು ಇಲ್ಲಿಂದಲೇ. ಕಣ್ಣು ಆರಾಮವಾಗಿ ಸ್ಪಷ್ಟವಾಗಿ ನೋಡಬಲ್ಲ ಹತ್ತಿರದ ದೂರ 25 ಸೆಂಟಿಮೀಟರ್ ಅಂತ ಒಪ್ಪಿಕೊಂಡಿದ್ದಾರೆ. ಅದನ್ನು, ಅಂದರೆ 250 ಮಿಲಿಮೀಟರನ್ನು, 5ರಿಂದ ಭಾಗಿಸಿ ನೀವು ಐಪೀಸಿನ ಸಂಗಮದೂರ 50 ಮಿಲಿಮೀಟರ್ ಅಂತ ತೆಗೆದುಕೊಂಡಿದ್ದೀರಿ. 1000 ಭಾಗಿಸು 50, ಉತ್ತರ 20. ಲೆಕ್ಕದಲ್ಲಿ ಏನೂ ತಪ್ಪಿಲ್ಲ. ಆದರೆ ಭೂತಗನ್ನಡಿಯ ಮೇಲೆ ‘ಎಕ್ಸ್’ ಬರೆಯುವ ಪದ್ಧತಿ ಎರಡು ಇವೆ. ಒಂದು, 250 ಭಾಗಿಸು ಸಂಗಮದೂರ. ಇನ್ನೊಂದು, ಅದಕ್ಕೆ 1 ಕೂಡಿಸುವುದು. ಕಣ್ಣಿಗೆ ಸ್ವಲ್ಪ ಶ್ರಮ ಕೊಟ್ಟು ಚಿತ್ರವನ್ನು 25 ಸೆಂಟಿಮೀಟರ್ ದೂರದಲ್ಲಿ ಕಾಣುವ ಹಾಗೆ ನೋಡಿದರೆ ಆ ಒಂದು ಪಟ್ಟು ಜಾಸ್ತಿ ಸಿಗುತ್ತದೆ. ಕೈಯಲ್ಲಿ ಹಿಡಿದು ಅಕ್ಷರ ಓದುವ ಗಾಜುಗಳ ಮೇಲೆ ಎರಡನೇ ಪದ್ಧತಿಯ ಅಂಕಿಯೇ ಸಾಮಾನ್ಯ. ಅದರ ಪ್ರಕಾರ 5 ಎಕ್ಸ್ ಅಂದರೆ 250 ಭಾಗಿಸು 4, ಅಂದರೆ 62.5 ಮಿಲಿಮೀಟರ್. ಆಗ ವರ್ಧನೆ 1000 ಭಾಗಿಸು 62.5. ಉತ್ತರ 16.

ಯಾವ ಪದ್ಧತಿಯ ಗಾಜು ನಿಮ್ಮದು ಅಂತ ಊಹಿಸುತ್ತಾ ಕೂರಬೇಕಿಲ್ಲ. ಲೆನ್ಸ್ ತಂದ ಚಷ್ಮಾ ಅಂಗಡಿಗೇ ಆ ಭೂತಗನ್ನಡಿಯನ್ನೂ ತೆಗೆದುಕೊಂಡು ಹೋಗಿ. ಅವರ ಬಳಿ ಲೆನ್ಸೋಮೀಟರ್ ಇರುತ್ತದೆ. ಅದರಲ್ಲಿಟ್ಟು ನಂಬರ್ ನೋಡಿ ಹೇಳಿ ಅಂದರೆ ಒಂದು ನಿಮಿಷದ ಕೆಲಸ. ಪ್ಲಸ್ 16ರ ಆಸುಪಾಸು ಬಂದರೆ ನನ್ನ ಅಂದಾಜು ಸರಿ. ಪ್ಲಸ್ 20 ಬಂದರೆ ನಿಮ್ಮದು ಸರಿ. ಎರಡೂ ಲೆನ್ಸುಗಳ ನಂಬರ್ ಗೊತ್ತಿದ್ದರೆ ಸಂಗಮದೂರದ ಗೊಡವೆಯೇ ಬೇಡ. ಐಪೀಸಿನ ನಂಬರನ್ನು ಮುಂದಿನ ಲೆನ್ಸಿನ ನಂಬರಿನಿಂದ ಭಾಗಿಸಿದರೆ ಅದೇ ವರ್ಧನೆ. 16 ಭಾಗಿಸು 1, ಅಷ್ಟೇ. ಚಷ್ಮಾ ಲೆನ್ಸಿನಲ್ಲಿ ಟೆಲಿಸ್ಕೋಪ್ ಮಾಡುವ ಎಲ್ಲ ಮಕ್ಕಳಿಗೂ ನಾನು ಈ ದಾರಿಯನ್ನೇ ಹೇಳಿಕೊಡುತ್ತೇನೆ.

ಅಂಗಡಿಗೆ ಹೋಗಲು ಆಗದಿದ್ದರೆ ಮನೆಯಲ್ಲೇ ಅಳೆಯಬಹುದು. ಭೂತಗನ್ನಡಿಯನ್ನು ನೆಲದ ಹತ್ತಿರ ಅಡ್ಡ ಹಿಡಿದು, ಚಾವಣಿಯ ದೀಪದ ಚಿತ್ರವನ್ನು ನೆಲದ ಮೇಲಿನ ಬಿಳಿ ಕಾಗದದಲ್ಲಿ ಮೂಡಿಸಿ. ದೀಪ ಎರಡೂವರೆ ಮೀಟರ್ ಮೇಲಿದ್ದರೆ ಗಾಜಿನಿಂದ ಕಾಗದಕ್ಕೆ ಸುಮಾರು 64 ಮಿಲಿಮೀಟರ್ ಬರುತ್ತದೆ. ನಿಜವಾದ ಸಂಗಮದೂರಕ್ಕಿಂತ ಒಂದೂವರೆ ಮಿಲಿಮೀಟರ್ ಮಾತ್ರ ಜಾಸ್ತಿ. ಮುಂದಿನ ಲೆನ್ಸನ್ನು ಮಾತ್ರ ಈ ರೀತಿ ಮನೆಯೊಳಗೆ ಅಳೆಯಬೇಡಿ. ಒಂದು ಮೀಟರ್ ಸಂಗಮದೂರದ ಲೆನ್ಸಿಗೆ 10 ಮೀಟರ್ ದೂರದ ಕಿಟಕಿ ಕೂಡ ‘ದೂರ’ ಅಲ್ಲ. ಅದರ ಚಿತ್ರ 111 ಸೆಂಟಿಮೀಟರಿಗೆ ಮೂಡುತ್ತದೆ. ಶೇಕಡಾ 11 ತಪ್ಪು! ಅದಕ್ಕೇ ಚಂದ್ರನನ್ನು ಬಳಸಿ ಅಂದದ್ದು.

ಇಲ್ಲೇ ನಿಮ್ಮ ಗ್ರಿಲ್ ಎಣಿಕೆಯ ಗುಟ್ಟು ಇದೆ. 15 ಮೀಟರ್ ದೂರದ ಗ್ರಿಲ್‌ನ ಚಿತ್ರ ಮುಂದಿನ ಲೆನ್ಸಿನಿಂದ 100 ಸೆಂಟಿಮೀಟರಿಗೆ ಬೀಳುವುದಿಲ್ಲ, 107 ಸೆಂಟಿಮೀಟರಿಗೆ ಬೀಳುತ್ತದೆ. ಚಿತ್ರ ದೂರ ಬಿದ್ದಷ್ಟೂ ದೊಡ್ಡದಾಗುತ್ತದೆ. ಅಲ್ಲಿಗೆ ಶೇಕಡಾ 7 ಜಾಸ್ತಿ ಆಯಿತು. ಇನ್ನೊಂದು ಕಾರಣವೂ ಇದೆ. ಒಂದು ಕಣ್ಣು ಟೆಲಿಸ್ಕೋಪಿನಲ್ಲಿ, ಇನ್ನೊಂದು ಕಣ್ಣು ಬರಿದಾಗಿ ನೋಡಿ ಎಣಿಸಿರುತ್ತಾಳೆ, ಅಲ್ವಾ? ಕಣ್ಣು ಇರುವುದು ಗ್ರಿಲ್‌ನಿಂದ 16.2 ಮೀಟರ್ ದೂರದಲ್ಲಿ. ಮುಂದಿನ ಲೆನ್ಸ್ ಇರುವುದು 15 ಮೀಟರ್‌ನಲ್ಲಿ. ಕೊಳವೆಯ ಉದ್ದದಷ್ಟು ಲೆನ್ಸ್ ಮುಂದಿದೆ. ಅದರಿಂದ ಇನ್ನೊಂದು ಶೇಕಡಾ 8. ಎರಡನ್ನೂ ಸೇರಿಸಿದರೆ 16 ಪಟ್ಟು ಇದ್ದದ್ದು ಸುಮಾರು 18.5 ಆಗುತ್ತದೆ. ನಿಮ್ಮ ಮಗಳಿಗೆ ಒಮ್ಮೆ 18, ಒಮ್ಮೆ 19 ಬಂದದ್ದು ಇದೇ. ಅವಳ ಎಣಿಕೆ ಬಹಳ ಚೆನ್ನಾಗಿದೆ. ಅದನ್ನು ನೋಡಿಯೇ ನನಗೆ ಐಪೀಸ್ 62.5 ಮಿಲಿಮೀಟರಿನದು ಇರಬೇಕು ಅನ್ನಿಸಿದ್ದು. 50 ಮಿಲಿಮೀಟರ್ ಆಗಿದ್ದರೆ ಅದೇ ಗ್ರಿಲ್‌ಗೆ 23 ಬರಬೇಕಿತ್ತು.

ಲೆಕ್ಕ ಮಾಡಿ ತೋರಿಸಬೇಕು ಅಂದರೆ ಹೀಗೆ ಬರೆಯಲಿ: ಕಣ್ಣಿನಿಂದ ವಸ್ತುವಿಗೆ ಇರುವ ದೂರ 16.2 ಮೀಟರ್. ಮುಂದಿನ ಲೆನ್ಸಿನಿಂದ ವಸ್ತುವಿಗೆ ಇರುವ 15 ಮೀಟರಿನಲ್ಲಿ ಸಂಗಮದೂರ 1 ಮೀಟರ್ ಕಳೆದರೆ 14. 16.2 ಭಾಗಿಸು 14, ಅಂದರೆ 1.157. ಇದನ್ನು 16ಕ್ಕೆ ಗುಣಿಸಿದರೆ 18.5. ವಸ್ತು ದೂರ ಹೋದಂತೆ ಈ 1.157 ಇಳಿಯುತ್ತಾ 1ಕ್ಕೆ ಬರುತ್ತದೆ. 40 ಮೀಟರ್ ದೂರದ ಗೋಡೆಗೆ ಅದೇ ಟೆಲಿಸ್ಕೋಪ್ 17ರ ಹತ್ತಿರ ತೋರಿಸುತ್ತದೆ. 100 ಮೀಟರಿಗೆ 16.4. ಸಾಧ್ಯವಾದರೆ ಶಾಲೆಯ ಮೈದಾನದಲ್ಲಿ ಮೂರು ಬೇರೆ ಬೇರೆ ದೂರಕ್ಕೆ ಅಳೆದು ನೋಡಲಿ. ಎರಡು ಮೀಟರ್ ಉದ್ದದ ಕಾಗದದ ಪಟ್ಟಿಯ ಮೇಲೆ 10 ಸೆಂಟಿಮೀಟರಿಗೊಂದು ದಪ್ಪ ಕಪ್ಪು ಗೆರೆ ಎಳೆದು ಗೋಡೆಗೆ ಅಂಟಿಸಿ. ಎರಡೂ ಕಣ್ಣು ತೆರೆದು ನೋಡುವಾಗ, ಟೆಲಿಸ್ಕೋಪಿನ ಒಂದು ಮನೆ (ಎರಡು ಗೆರೆಗಳ ನಡುವಿನ ಜಾಗ) ಬರಿಗಣ್ಣಿನ ಎಷ್ಟು ಮನೆಗಳನ್ನು ಮುಚ್ಚುತ್ತದೆ ಅಂತ ಎಣಿಸಬೇಕು. ಮೊದಮೊದಲು ಎರಡು ಚಿತ್ರ ಒಂದರ ಮೇಲೊಂದು ಕೂರುವುದಿಲ್ಲ. ಒಂದೆರಡು ನಿಮಿಷ ಸುಮ್ನೆ ನೋಡುತ್ತಿದ್ದರೆ ಕೂರುತ್ತವೆ.

ಕೊಳವೆಯ ಪ್ರಶ್ನೆಗೂ ಉತ್ತರ ಇದರಲ್ಲೇ ಬಂತು. ಗ್ರಿಲ್‌ನ ಚಿತ್ರ 107 ಸೆಂಟಿಮೀಟರಿನಲ್ಲಿ, ಚಂದ್ರನದು 100ರಲ್ಲಿ. ಐಪೀಸನ್ನು 7 ಸೆಂಟಿಮೀಟರ್ ಒಳಗೆ ತಳ್ಳದೆ ಚಂದ್ರ ಸ್ಪಷ್ಟವಾಗುವುದಿಲ್ಲ. ಚಂದ್ರನಿಗೆ ಎರಡು ಲೆನ್ಸುಗಳ ನಡುವಿನ ದೂರ ಎರಡೂ ಸಂಗಮದೂರಗಳ ಮೊತ್ತ, ಅಂದರೆ 106 ಸೆಂಟಿಮೀಟರಿಗೆ ಸ್ವಲ್ಪ ಮೇಲೆ. ಗ್ರಿಲ್‌ಗೆ 113ಕ್ಕೆ ಸ್ವಲ್ಪ ಮೇಲೆ. ಒಂದರೊಳಗೊಂದು ಜಾರುವ ಎರಡು ಕೊಳವೆ ಬೇಕು ಅನ್ನುವುದು ಇದಕ್ಕೇ. ಜಾರುವ ಭಾಗ ಕನಿಷ್ಠ 10 ಸೆಂಟಿಮೀಟರ್ ಇರಲಿ.

ನಿಮ್ಮ ಊರಿನ ಯಾವುದಾದರೂ ಗೈಡ್ ಪುಸ್ತಕದಲ್ಲಿ ಇನ್ನೊಂದು ಸೂತ್ರ ಸಿಗಬಹುದು. ಅದರಲ್ಲಿ ವರ್ಧನೆಯನ್ನು (1 + ಐಪೀಸಿನ ಸಂಗಮದೂರ ÷ 25 ಸೆಂಟಿಮೀಟರ್) ಎಂಬುದರಿಂದ ಗುಣಿಸಿರುತ್ತಾರೆ. ನಿಮ್ಮ ಟೆಲಿಸ್ಕೋಪಿಗೆ ಅದನ್ನು ಹಾಕಿದರೆ 16 × 1.25, ಮತ್ತೆ 20! ಇದು ಕಾಕತಾಳೀಯ ಅಲ್ಲ. ‘5 ಎಕ್ಸ್’ ಅಂಕಿಯಲ್ಲಿ ಅಡಗಿದ್ದ ಅದೇ ‘1 ಕೂಡಿಸು’ ಇಲ್ಲೂ ಬಂದಿದೆ. ಕಣ್ಣನ್ನು ಬಿಗಿಹಿಡಿದು ಕೊನೆಯ ಚಿತ್ರವನ್ನು 25 ಸೆಂಟಿಮೀಟರಿನಲ್ಲಿ ನೋಡಿದರೆ 20, ಕಣ್ಣು ಸಡಿಲ ಬಿಟ್ಟು ದೂರದ ಬೆಟ್ಟ ನೋಡುವ ಹಾಗೆ ನೋಡಿದರೆ 16. ಆಕಾಶ ನೋಡುವವರು ಯಾವಾಗಲೂ ಕಣ್ಣು ಸಡಿಲ ಬಿಟ್ಟೇ ನೋಡುತ್ತಾರೆ. ಗಂಟೆಗಟ್ಟಲೆ ಕಣ್ಣು ಬಿಗಿಹಿಡಿದರೆ ತಲೆನೋವು ಗ್ಯಾರಂಟಿ. ಮಕ್ಕಳ ಕಣ್ಣು ತನಗೆ ತಾನೇ ಬಿಗಿಯಾಗುತ್ತದೆ, ಅವರಿಗೆ ಅದು ಗೊತ್ತೂ ಆಗುವುದಿಲ್ಲ. ಅದಕ್ಕೆ ಐಪೀಸನ್ನು ಮೊದಲು ಪೂರ್ತಿ ಹೊರಗೆ ಎಳೆದು, ಆಮೇಲೆ ನಿಧಾನವಾಗಿ ಒಳಗೆ ತಳ್ಳುತ್ತಾ, ಮೊದಲು ಸ್ಪಷ್ಟವಾದ ಕಡೆ ನಿಲ್ಲಿಸಲಿ. ಅಲ್ಲಿ ಕಣ್ಣು ಸಡಿಲ ಇರುತ್ತದೆ.

ಕೆಲವು ಪುಸ್ತಕಗಳಲ್ಲಿ ಉತ್ತರದ ಮುಂದೆ ಮೈನಸ್ ಗುರುತು ಇರುತ್ತದೆ. ಚಿತ್ರ ತಲೆಕೆಳಗಾಗಿದೆ ಅಂತ ಅದರ ಅರ್ಥ, ಬೇರೇನಿಲ್ಲ.

ಇನ್ನು ಲೆನ್ಸಿನ ನಂಬರ್ ಯಾವುದೂ ಬೇಡದ, ಎಲ್ಲ ಟೆಲಿಸ್ಕೋಪಿಗೂ ನಡೆಯುವ ಅಳತೆಯೊಂದು ಇದೆ. ನನಗೆ ಇದು ಬಹಳ ಇಷ್ಟ. ಕೊಳವೆಯನ್ನು ಚಂದ್ರನಿಗೆ ಹೊಂದಿಸಿದ ಉದ್ದದಲ್ಲೇ ಇಡಿ. ಹಗಲಲ್ಲಿ ಸೂರ್ಯ ಇರುವ ದಿಕ್ಕಿಗೆ ಬೆನ್ನು ಮಾಡಿ ಬೆಳಗುವ ಆಕಾಶಕ್ಕೆ ಟೆಲಿಸ್ಕೋಪ್ ಗುರಿಮಾಡಿ. ಐಪೀಸಿನ ಹಿಂದೆ ಬಟರ್ ಪೇಪರ್ ಹಿಡಿದು ಸರಿಸಿ. ಒಂದು ಕಡೆ ಅಂಚು ಚೂಪಾದ ಪುಟ್ಟ ಬೆಳಕಿನ ವೃತ್ತ ಮೂಡುತ್ತದೆ. ಅದು ಮುಂದಿನ ಲೆನ್ಸಿನ ಬಾಯಿಯ ಚಿತ್ರ. ಬಾಯಿಯ ಅಗಲವನ್ನು ಈ ವೃತ್ತದ ಅಗಲದಿಂದ ಭಾಗಿಸಿದರೆ ವರ್ಧನೆ. ಬಾಯಿ 60 ಮಿಲಿಮೀಟರ್ ಇದ್ದು ವೃತ್ತ 3.75 ಮಿಲಿಮೀಟರ್ ಬಂದರೆ 16. ವೃತ್ತದ ಅಳತೆಯಲ್ಲಿ ಕಾಲು ಮಿಲಿಮೀಟರ್ ಹೆಚ್ಚುಕಡಿಮೆ ಆದರೆ ಉತ್ತರದಲ್ಲಿ ಒಂದು ಪಟ್ಟು ಹೆಚ್ಚುಕಡಿಮೆ. ಹಾಗಾಗಿ ಒಂದೇ ಸಲ ಅಳೆದು ಬಿಡಬೇಡಿ.

ಈ ವೃತ್ತ ಐಪೀಸಿಗೆ ಅಂಟಿಕೊಂಡು ಮೂಡುವುದಿಲ್ಲ. ನಿಮ್ಮ ಟೆಲಿಸ್ಕೋಪಿನಲ್ಲಿ ಸುಮಾರು 66 ಮಿಲಿಮೀಟರ್ ಹಿಂದೆ ಮೂಡುತ್ತದೆ. ಕಣ್ಣು ಇಡಬೇಕಾದ ಜಾಗವೂ ಅದೇ. ಮಕ್ಕಳು ಕಣ್ಣನ್ನು ಐಪೀಸಿಗೆ ಒತ್ತಿ ನೋಡುತ್ತಾರೆ. ಆಗ ನಡುವಿನ ಸ್ವಲ್ಪ ಭಾಗ ಮಾತ್ರ ಕಂಡು ಉಳಿದದ್ದು ಕತ್ತಲಾಗುತ್ತದೆ. ಲೆನ್ಸ್ ಸರಿ ಇಲ್ಲ ಅಂತ ಬೇಜಾರಾಗುತ್ತಾರೆ. ಐಪೀಸಿನ ಹಿಂದೆ ಆರೂವರೆ ಸೆಂಟಿಮೀಟರ್ ಉದ್ದದ ಒಂದು ರಟ್ಟಿನ ಬಳೆ ಅಂಟಿಸಿ ಅದಕ್ಕೆ ಕಣ್ಣು ಒರಗಿಸಿ ನೋಡಿದರೆ ನೋಟ ಒಮ್ಮೆಲೇ ಅಗಲವಾಗುತ್ತದೆ.

ಸೂರ್ಯನ ಮಾತು ಬಂದದ್ದರಿಂದ ಇದನ್ನು ಹೇಳಲೇಬೇಕು. ಈ ಟೆಲಿಸ್ಕೋಪಿನಲ್ಲಿ ಸೂರ್ಯನನ್ನು ಯಾವ ಕಾರಣಕ್ಕೂ ನೋಡಬಾರದು. ಒಂದು ಕ್ಷಣವೂ ಬೇಡ, ಸಂಜೆಯ ಕೆಂಪು ಸೂರ್ಯನೂ ಬೇಡ, ಕೂಲಿಂಗ್ ಗ್ಲಾಸ್ ಹಾಕಿಕೊಂಡೂ ಬೇಡ. ಕಣ್ಣಿನ ಪರದೆ ಸುಟ್ಟುಹೋದರೆ ನೋವೇ ಗೊತ್ತಾಗುವುದಿಲ್ಲ, ದೃಷ್ಟಿ ಮಾತ್ರ ವಾಪಸ್ ಬರುವುದಿಲ್ಲ. ಪ್ರದರ್ಶನ ಹಗಲಲ್ಲಿ ನಡೆಯುತ್ತದೆ, ಚಿಕ್ಕ ಮಕ್ಕಳು ಕೈಗೆ ಸಿಕ್ಕ ಕೊಳವೆಯನ್ನು ಎತ್ತ ಬೇಕಾದರೂ ತಿರುಗಿಸುತ್ತಾರೆ. ಮೇಜಿನ ಹತ್ತಿರ ಯಾರಾದರೂ ದೊಡ್ಡವರು ನಿಂತಿರಲಿ, ಕೊಳವೆಯನ್ನು ಸ್ಟ್ಯಾಂಡಿಗೆ ಬಿಗಿದು ಕಾರಿಡಾರಿನ ಕಡೆ ತಿರುಗಿಸಿಡಿ.

ಈಗ 525ರ ವಿಷಯಕ್ಕೆ ಬರುತ್ತೇನೆ. ಈ ಅಂಕಿ ಸುಳ್ಳು ಲೆಕ್ಕ ಅಲ್ಲ. 60 ಮಿಲಿಮೀಟರ್ ಬಾಯಿ, 700 ಮಿಲಿಮೀಟರ್ ಸಂಗಮದೂರದ ಟೆಲಿಸ್ಕೋಪಿಗೆ 4 ಮಿಲಿಮೀಟರಿನ ಐಪೀಸ್ ಹಾಕಿದರೆ 175. ಅದರ ನಡುವೆ ಮೂರು ಪಟ್ಟಿನ ಬಾರ್ಲೋ ಲೆನ್ಸ್, ಅಂದರೆ ವರ್ಧನೆಯನ್ನು ಮೂರು ಪಟ್ಟು ಮಾಡುವ ಲೆನ್ಸ್, ಸೇರಿಸಿದರೆ 525. ಭಾಗಾಕಾರ, ಗುಣಾಕಾರ ಎರಡೂ ಸರಿ. ಆದರೆ ಆ ಅಂಕಿಯಲ್ಲಿ ನೋಡಲು ಏನೂ ಇರುವುದಿಲ್ಲ. ಮೇಲೆ ಹೇಳಿದ ಬೆಳಕಿನ ವೃತ್ತದ ಲೆಕ್ಕವನ್ನೇ ಹಾಕಿ ನೋಡಿ. 60 ಭಾಗಿಸು 525, ಅಂದರೆ 0.11 ಮಿಲಿಮೀಟರ್. ಅಷ್ಟು ಸಣ್ಣ ರಂಧ್ರದಿಂದ ಬಂದ ಬೆಳಕು ಕಣ್ಣಿಗೆ ಹೋಗುತ್ತದೆ. ಚಿತ್ರ ದೊಡ್ಡದಾದಂತೆ ಅದೇ ಬೆಳಕು ಹೆಚ್ಚು ಜಾಗಕ್ಕೆ ಹರಡುತ್ತದೆ. ವರ್ಧನೆ ಎರಡು ಪಟ್ಟಾದರೆ ಹೊಳಪು ಕಾಲು ಭಾಗಕ್ಕೆ ಇಳಿಯುತ್ತದೆ.

ಇದಕ್ಕಿಂತ ಮುಖ್ಯವಾದ ಮಿತಿ ಇನ್ನೊಂದಿದೆ. ಬೆಳಕು ಅಲೆ. ಬಾಯಿ ಎಷ್ಟು ಅಗಲವೋ ಅದರ ಮೇಲೆ, ಎಷ್ಟು ಹತ್ತಿರದ ಎರಡು ಚುಕ್ಕೆಗಳನ್ನು ಬೇರೆ ಬೇರೆಯಾಗಿ ತೋರಿಸಬಹುದು ಅನ್ನುವುದು ನಿರ್ಧಾರವಾಗುತ್ತದೆ. 116 ಅನ್ನು ಬಾಯಿಯ ಮಿಲಿಮೀಟರಿನಿಂದ ಭಾಗಿಸಿದರೆ ಆ ಕೋನ ಆರ್ಕ್‌ಸೆಕೆಂಡಿನಲ್ಲಿ ಸಿಗುತ್ತದೆ. ಒಂದು ಡಿಗ್ರಿಯಲ್ಲಿ 3600 ಆರ್ಕ್‌ಸೆಕೆಂಡ್. 60 ಮಿಲಿಮೀಟರಿಗೆ ಸುಮಾರು 2 ಆರ್ಕ್‌ಸೆಕೆಂಡ್. ನಮ್ಮ ಕಣ್ಣಿನ ಮಿತಿ ಸುಮಾರು 60. 2 ಅನ್ನು 60ಕ್ಕೆ ಹಿಗ್ಗಿಸಲು 30 ಪಟ್ಟು ಸಾಕು. ಆರಾಮವಾಗಿ ನೋಡಲು ಅದರ ಎರಡರಿಂದ ನಾಲ್ಕು ಪಟ್ಟು, ಅಂದರೆ 60ರಿಂದ 120. ಬಾಯಿಯ ಮಿಲಿಮೀಟರನ್ನು ಎರಡರಿಂದ ಗುಣಿಸಿದ್ದೇ ಗರಿಷ್ಠ ಉಪಯುಕ್ತ ವರ್ಧನೆ ಅಂತ ಆಕಾಶ ವೀಕ್ಷಕರು ಹೇಳುವುದು ಇದಕ್ಕೇ. ಅದರಾಚೆ ಹೋದರೆ ಮಸುಕೇ ದೊಡ್ಡದಾಗುತ್ತದೆ. ಜೊತೆಗೆ ಭೂಮಿ ತಿರುಗುವುದೂ ಅಷ್ಟೇ ಪಟ್ಟು ಜೋರಾಗಿ ಕಾಣುತ್ತದೆ. ತೆಳ್ಳನೆಯ ಸ್ಟ್ಯಾಂಡಿನ ಮೇಲೆ 525 ಪಟ್ಟಿನಲ್ಲಿ ಗುರು ಗ್ರಹವನ್ನು ಹಿಡಿಯುವಷ್ಟರಲ್ಲೇ ಅದು ಆಚೆ ಹೋಗಿಬಿಟ್ಟಿರುತ್ತದೆ. ಎಷ್ಟೋ ಮಕ್ಕಳು ಆಕಾಶದ ಆಸೆಯನ್ನು ಮೊದಲ ವಾರದಲ್ಲೇ ಬಿಡುವುದು ಈ ಪೆಟ್ಟಿಗೆಗಳಿಂದ. ನನಗೆ ಅದು ನಿಜಕ್ಕೂ ನೋವಿನ ವಿಷಯ. ಅಂಥ ಟೆಲಿಸ್ಕೋಪ್ ಈಗಾಗಲೇ ಯಾರ ಮನೆಯಲ್ಲಾದರೂ ಇದ್ದರೆ ಎಸೆಯಬೇಡಿ. ಬಾರ್ಲೋ ತೆಗೆದಿಟ್ಟು, ಜೊತೆಗೆ ಬಂದ ಐಪೀಸುಗಳಲ್ಲಿ ಅತಿ ಹೆಚ್ಚು ಮಿಲಿಮೀಟರಿನದನ್ನು ಹಾಕಿ. 20 ಮಿಲಿಮೀಟರಿನದು ಇದ್ದರೆ 35 ಪಟ್ಟು. ಚಂದ್ರ ಅದ್ಭುತವಾಗಿ ಕಾಣುತ್ತಾನೆ.

ದೊಡ್ಡ ದುರ್ಬೀನುಗಳ ವಿಷಯದಲ್ಲಿ ‘ಎಷ್ಟು ಪಟ್ಟು’ ಅನ್ನುವ ಪ್ರಶ್ನೆಯೇ ಹುಟ್ಟುವುದಿಲ್ಲ. ಪುಣೆಯ ಉತ್ತರಕ್ಕೆ ಜುನ್ನರ್ ಕಡೆ ಗಿರವಲಿಯಲ್ಲಿ ಪುಣೆಯ ಖಗೋಳ ಸಂಶೋಧನಾ ಸಂಸ್ಥೆ ಐಯುಕಾದ 2 ಮೀಟರ್ ಟೆಲಿಸ್ಕೋಪ್ ಇದೆ. ಅದೇ ದಿಕ್ಕಿನಲ್ಲಿ ನಾರಾಯಣಗಾವ್ ಹತ್ತಿರ ಖೋಡದ್‌ನಲ್ಲಿ ಜಿಎಂಆರ್‌ಟಿ ಎಂಬ ರೇಡಿಯೋ ದುರ್ಬೀನಿನ 45 ಮೀಟರ್ ಅಗಲದ 30 ರೇಡಿಯೋ ಡಿಶ್‌ಗಳಿವೆ. ಇವುಗಳಿಗೆ ಐಪೀಸೇ ಇಲ್ಲ. ಐಪೀಸ್ ಇಲ್ಲ ಅಂದಮೇಲೆ ವರ್ಧನೆಯೂ ಇಲ್ಲ. ಅಲ್ಲಿ ಕೇಳುವುದು ಎಷ್ಟು ಬೆಳಕು ಹಿಡಿಯುತ್ತದೆ, ಎಷ್ಟು ಸೂಕ್ಷ್ಮ ವಿವರ ಬಿಡಿಸುತ್ತದೆ ಅಂತ. ಎರಡನ್ನೂ ನಿರ್ಧರಿಸುವುದು ಅಗಲ. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದ ಹೊತ್ತಿಗೆ ಐಯುಕಾ ಮತ್ತು ಜಿಎಂಆರ್‌ಟಿ ಎರಡೂ ಕಡೆ ಸಾರ್ವಜನಿಕರನ್ನು ಒಳಗೆ ಬಿಡುವ ಪದ್ಧತಿ ಇದೆ. ಮಗಳನ್ನು ಕರೆದುಕೊಂಡು ಹೋಗಿ, ಅವಳ ಪ್ರಶ್ನೆಗಳಿಗೆ ಉತ್ತರಿಸುವವರು ಅಲ್ಲಿ ಸಿಗುತ್ತಾರೆ. ಪುಣೆಯ ಜ್ಯೋತಿರ್ವಿದ್ಯಾ ಪರಿಸಂಸ್ಥಾ 1944ರಿಂದ ಆಕಾಶ ವೀಕ್ಷಣೆಯ ಹವ್ಯಾಸಿಗಳಿಗಾಗಿಯೇ ಇದೆ.

ಅವಳ ಟೆಲಿಸ್ಕೋಪಿನ 16 ಪಟ್ಟು ಕಡಿಮೆ ಅಲ್ಲ. 1610ರ ಜನವರಿಯಲ್ಲಿ ಗೆಲಿಲಿಯೋ ಗುರುವಿನ ನಾಲ್ಕು ಚಂದ್ರಗಳನ್ನು ಕಂಡದ್ದು ಸುಮಾರು 20 ಪಟ್ಟಿನ ಟೆಲಿಸ್ಕೋಪಿನಲ್ಲಿ. ಅವನ ಐಪೀಸ್ ಮಾತ್ರ ನಿಮ್ಮದಕ್ಕಿಂತ ಬೇರೆ. ಅದು ನಿಮ್ನ ಲೆನ್ಸ್, ಅಂದರೆ ಮೈನಸ್ ನಂಬರಿನದು. ಅದರಲ್ಲಿ ಚಿತ್ರ ನೇರವಾಗಿ ಕಾಣುತ್ತದೆ, ಆದರೆ ನೋಟ ಬಹಳ ಕಿರಿದು. ಎರಡೂ ಕಡೆ ಪೀನ ಲೆನ್ಸ್ ಇಡುವ ವಿನ್ಯಾಸವನ್ನು 1611ರಲ್ಲಿ ವಿವರಿಸಿದವನು ಕೆಪ್ಲರ್. ನಿಮ್ಮ ಮಗಳದ್ದು ಕೆಪ್ಲರ್ ಬಗೆಯದು. ವರ್ಧನೆಯ ಸೂತ್ರ ಎರಡಕ್ಕೂ ಒಂದೇ. ಗೆಲಿಲಿಯೋ ಬಗೆಯಲ್ಲಿ ಕೊಳವೆಯ ಉದ್ದಕ್ಕೆ ಸಂಗಮದೂರಗಳನ್ನು ಕೂಡಿಸುವ ಬದಲು ಕಳೆಯಬೇಕು, ಅಷ್ಟೇ ವ್ಯತ್ಯಾಸ.

16 ಪಟ್ಟಿನಲ್ಲಿ ಚಂದ್ರನ ಕುಳಿಗಳು, ಗುರುವಿನ ನಾಲ್ಕು ಚಂದ್ರಗಳು, ಶುಕ್ರ ಭೂಮಿಗೆ ಹತ್ತಿರ ಬಂದಾಗ ಅದರ ಬಿದಿಗೆಯ ರೂಪ ಕಾಣಬೇಕು. ಶನಿಯ ಉಂಗುರ ಕಾಣುವುದಿಲ್ಲ, ಮೊದಲೇ ಹೇಳಿಬಿಡಿ. ಉದ್ದುದ್ದನೆಯ ಚುಕ್ಕೆ ಕಂಡರೆ ಅದೇ ಹೆಚ್ಚು. ಗೆಲಿಲಿಯೋನಿಗೂ ಶನಿ ಮೂರು ಗೋಲಗಳು ಅಂಟಿಕೊಂಡ ಹಾಗೆ ಕಂಡಿತ್ತು. ಅದು ಉಂಗುರ ಅಂತ ಡಚ್ ವಿಜ್ಞಾನಿ ಹೈಗೆನ್ಸ್ ಬಿಡಿಸಿ ಬರೆದದ್ದು 1659ರಲ್ಲಿ.

ಇಷ್ಟು ಕಾಣಬೇಕಾದರೆ ಒಂದು ಕೆಲಸ ಮಾಡಲೇಬೇಕು. ಮುಂದಿನ ಲೆನ್ಸಿನ ಮುಂದೆ ನಡುವೆ 30 ಮಿಲಿಮೀಟರ್ ತೂತಿರುವ ಕಪ್ಪು ರಟ್ಟನ್ನು ಮುಚ್ಚಿ. ಒಂಟಿ ಲೆನ್ಸ್ ಕೆಂಪು ಮತ್ತು ನೀಲಿ ಬೆಳಕನ್ನು ಒಂದೇ ಕಡೆ ಸೇರಿಸುವುದಿಲ್ಲ. ಸಾಮಾನ್ಯ ಪ್ಲಾಸ್ಟಿಕ್ ಲೆನ್ಸಿನಲ್ಲಿ, ಅಂದರೆ ಸಿಆರ್ 39ರಲ್ಲಿ, ಒಂದು ಮೀಟರಿಗೆ ಈ ಅಂತರ ಸುಮಾರು 17 ಮಿಲಿಮೀಟರ್. ಪಾಲಿಕಾರ್ಬೊನೇಟ್ ಲೆನ್ಸಿನಲ್ಲಿ ಸುಮಾರು ಅದರ ಎರಡರಷ್ಟು. ಚಂದ್ರನ ಸುತ್ತ ನೇರಳೆ ಅಂಚು ಕಾಣುವುದು ಇದರಿಂದಲೇ. ಬಾಯಿ ಕಿರಿದು ಮಾಡಿದರೆ ಈ ಬಣ್ಣದ ಮಸುಕು ತಗ್ಗುತ್ತದೆ. ಅಂಗಡಿಯಲ್ಲಿ ಲೆನ್ಸ್ ಕೇಳುವಾಗ ಗಾಜು ಅಥವಾ ಸಾದಾ ಪ್ಲಾಸ್ಟಿಕ್ ಕೊಡಿ, ಪಾಲಿಕಾರ್ಬೊನೇಟ್ ಬೇಡ ಅಂತ ಹೇಳಿ. ಬಾಯಿ ಕಿರಿದಾದರೆ ವರ್ಧನೆಯೂ ಇಳಿಯುತ್ತದೆ ಅಂತ ಬಹಳ ಮಕ್ಕಳು ತಿಳಿಯುತ್ತಾರೆ. ಇಲ್ಲ. ಸಂಗಮದೂರ ಬದಲಾಗಿಲ್ಲ, ಹಾಗಾಗಿ 16 ಅಂದರೆ ಹದಿನಾರೇ. ಬೆಳಕು ಮಾತ್ರ ಕಡಿಮೆ. ಚಂದ್ರನಿಗೂ ಗುರುವಿಗೂ ಬೆಳಕಿನ ಕೊರತೆ ಇಲ್ಲ.

ಪ್ರಾಜೆಕ್ಟ್ ಪುಸ್ತಕದಲ್ಲಿ ಒಂದೇ ಅಂಕಿ ಬರೆಯಬೇಡಿ. ಲೆನ್ಸೋಮೀಟರಿನ ನಂಬರಿನಿಂದ ಬಂದದ್ದು, ಬಟರ್ ಪೇಪರಿನ ವೃತ್ತದಿಂದ ಬಂದದ್ದು, 15 ಮೀಟರಿನ ಗ್ರಿಲ್‌ನಿಂದ ಬಂದದ್ದು, ಮೂರನ್ನೂ ಬರೆಯಲಿ. ಪಕ್ಕದಲ್ಲಿ ಗ್ರಿಲ್‌ನ ಅಂಕಿ ಯಾಕೆ ಜಾಸ್ತಿ ಅನ್ನುವ ಲೆಕ್ಕ ಇರಲಿ. ಟೀಚರ್ ಕೇಳಿದರೆ ‘ದೂರದ ವಸ್ತುವಿಗೆ 16, ಒಂದು ಹೆಚ್ಚುಕಡಿಮೆ’ ಅಂತ ಹೇಳಲಿ.

ಪ್ರದರ್ಶನ ಮುಗಿದ ಮೇಲೆ ಇನ್ನೂ ಹೆಚ್ಚು ಬೇಕು ಅನ್ನಿಸಿದರೆ ಅದೇ ಭೂತಗನ್ನಡಿ ಇನ್ನೊಂದು ತಂದು, ಎರಡೂ ಲೆನ್ಸನ್ನು ಒಂದಕ್ಕೊಂದು ತಾಗಿಸಿ ಐಪೀಸ್ ಮಾಡಿ. ತಾಗಿಕೊಂಡ ಲೆನ್ಸುಗಳ ನಂಬರ್ ಕೂಡಿಕೊಳ್ಳುತ್ತದೆ. 16 ಮತ್ತು 16 ಸೇರಿ ಸುಮಾರು 32, ಮುಂದಿನ ಲೆನ್ಸ್ 1, ಹಾಗಾಗಿ ವರ್ಧನೆ ಸುಮಾರು 32 ಪಟ್ಟು. ಬಾಯಿಯ ಮಿಲಿಮೀಟರಿನ ಎರಡು ಪಟ್ಟೇ ಗರಿಷ್ಠ ಅಂದೆನಲ್ಲ, 30 ಮಿಲಿಮೀಟರ್ ಬಾಯಿಗೆ ಅದು 60. ಅದರೊಳಗೇ ಇದೆ. ಐಪೀಸನ್ನು 3 ಸೆಂಟಿಮೀಟರ್ ಇನ್ನೂ ಒಳಗೆ ತಳ್ಳಬೇಕಾಗುತ್ತದೆ, ಕಣ್ಣಿನ ರಟ್ಟಿನ ಬಳೆಯನ್ನೂ ಅರ್ಧಕ್ಕೆ ಕತ್ತರಿಸಬೇಕು. ಶನಿಯನ್ನು ಆಗ ಮತ್ತೊಮ್ಮೆ ನೋಡಿ.